‘ಐ ಹೇಟ್ ಟೂ ಎಗ್ಸ್’ ಅಂದವನಿಗೆ ಬಾಳೆಹಣ್ಣು ಕೊಡಿಸಿದೆ!

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಹುಟ್ಟೂರು ಕೊಳ್ಳೇಗಾಲ. ಹೋದ ವರ್ಷದಿಂದ ತಿಂಗಳಿಗೆ ಎರಡು ಶನಿವಾರ ಹನೂರು ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿಗೆ ಇಂಗ್ಲಿಷ್ ಹೇಳಿಕೊಡ್ತಿದ್ದೀನಿ. ಕೋಡ್ ಬರೆಯೋದಕ್ಕಿಂತ ಇದು ಸುಲಭ ಅಂದುಕೊಂಡಿದ್ದೆ. ಮೊದಲ ವಾರವೇ ಸಿಸ್ಟಮ್ ಕ್ರ್ಯಾಶ್!

ಅವತ್ತು ‘ನಿನ್ನೆ ಏನು ತಿಂದಿರಿ?’ ಅಂತ ಇಂಗ್ಲಿಷ್‌ನಲ್ಲಿ ಕೇಳಿದೆ. ಮುಂದಿನ ಬೆಂಚಿನ ಹುಡುಗ ಎದ್ದು ನಿಂತು, “ಯೆಸ್ಟರ್‌ಡೇ ಐ ಹೇಟ್ ಟೂ ಎಗ್ಸ್ ಸಾ” ಅಂದ. ಪಾಪ, ಮೊಟ್ಟೆ ಕಂಡರೆ ಆಗಲ್ಲವೇನೋ ಅಂದುಕೊಂಡೆ. ಬಿಸಿಯೂಟದಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡ್ತಾರಲ್ಲ, ಬಡಿಸುವ ಅಕ್ಕನಿಗೆ ಹೇಳಿ ಅವನ ತಟ್ಟೆಗೆ ಬಾಳೆಹಣ್ಣು ಹಾಕಿಸಿದೆ. ಹುಡುಗನ ಕಣ್ಣಲ್ಲಿ ನೀರು. “ನಂಗ ಯಾಕ ಮೊಟ್ಟ ಕೊಡ್ನಿಲ್ಲ ಸಾ?”

ಆಗ ಹೊಳೆಯಿತು. ಅವನು ಹೇಳಿದ್ದು ‘ಏಟ್’. ಇಲ್ಲದ ಕಡೆ ಒಂದು ‘ಹ’ ಸೇರಿಕೊಂಡಿತ್ತು ಅಷ್ಟೇ.

ನಮ್ಮ ಕಡೆಯವರಿಗೆ ಇದು ಗೊತ್ತು. ಹಾಲು ಇಲ್ಲಿ ‘ಆಲು’, ಹುಲಿ ‘ಉಲಿ’, ಬಸ್ ಕಂಡಕ್ಟರ್ ಬಾಯಲ್ಲಿ ಹನೂರೇ ‘ಅನೂರು’. ಯಳಂದೂರಿನ ನಮ್ಮತ್ತೆ ಮನೆಯಲ್ಲೂ ಇದೇ ಮಾತು. ಮೇಷ್ಟ್ರು ‘ಹ ಹೇಳ್ರೋ’ ಅಂತ ಗದರಿದರೆ ಮಕ್ಕಳು ಹೆದರಿ ಎಲ್ಲ ಕಡೆ ‘ಹ’ ಹಾಕಿಬಿಡ್ತಾರೆ. ಎಲಿಫೆಂಟ್ ‘ಹೆಲಿಫೆಂಟ್’ ಆಗಿ ಮುಸುಕಿನ ಜೋಳದ ಹೊಲಕ್ಕೆ ನುಗ್ಗುತ್ತೆ.

ಇಲ್ಲಿಯವರೆಗೂ ನಗು. ಮುಂದಿನದು ನನ್ನ ತಪ್ಪು.

ಒಬ್ಬಳು ಹುಡುಗಿ ಓದಿದಳು: “ಮೈ ಔಸ್ ಇಸ್ ಆನ್ ದ ಇಲ್.” ‘ಹೌಸ್, ಹಿಲ್’ ಅಂತ ಐದು ಸಲ ಹೇಳಿಸಿದೆ. ಐದು ಸಲವೂ ಕ್ಲಾಸ್ ನಕ್ಕಿತು, ನಾನೂ ಸ್ವಲ್ಪ ನಕ್ಕೆ. ಮುಂದಿನ ಸಲ ಹೋದಾಗ ಅವಳು ಕೊನೇ ಬೆಂಚಿನಲ್ಲಿದ್ದಳು. ಓದು ಅಂದರೆ, “ಒಟ್ಟನೋವು ಸಾ.” ಅದರ ಮುಂದಿನ ಸಲವೂ ಒಟ್ಟನೋವೇ.

ಆ ಹೊಟ್ಟೆನೋವು ನನಗೆ ಚೆನ್ನಾಗಿ ಗೊತ್ತು. ಎಂಜಿನಿಯರಿಂಗ್ ಮೊದಲ ವಾರ ಪರಿಚಯ ಹೇಳಿಕೊಳ್ಳುವಾಗ ‘ಆಸ್ಟೆಲ್‌ನಲ್ಲಿದ್ದೀನಿ’ ಅಂದುಬಿಟ್ಟಿದ್ದೆ. ನಾಲ್ಕು ವರ್ಷ ನನ್ನ ಹೆಸರೇ ಆಸ್ಟೆಲ್ ಆಯ್ತು. ಮೊದಲ ವರ್ಷವಿಡೀ ಕ್ಲಾಸಲ್ಲಿ ಒಂದು ಡೌಟ್ ಕೇಳಲಿಲ್ಲ. ನನಗೆ ಮಾಡಿದ್ದನ್ನೇ ನಾನು ಅವಳಿಗೆ ಮಾಡಿದ್ದೆ.

ಮುಂದಿನ ಶನಿವಾರ ಪುಸ್ತಕ ತೆಗೆಯಲಿಲ್ಲ. ‘ಮಿಲ್ಕ್‌ಗೆ ನಿಮ್ಮ ಮನೇಲಿ ಏನಂತೀರಿ?’ ಅಂತ ಕೇಳಿದೆ. ಹೆಚ್ಚಿನವರು ‘ಆಲು’ ಅಂದರು. ಮನೆಯಲ್ಲಿ ತಮಿಳು ಮಾತಾಡುವ ಇಬ್ಬರು ‘ಪಾಲ್’ ಅಂದರು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತಲ್ಲ, ಇಲ್ಲಿ ತಮಿಳು ಹೊಸದೇನಲ್ಲ. ಪುಸ್ತಕದಲ್ಲಿ ‘ಹಾಲು’. ಮೂರನ್ನೂ ಬೋರ್ಡಿನ ಮೇಲೆ ಬರೆದೆ.

ಹಳಗನ್ನಡದಲ್ಲೂ ಅದು ‘ಪಾಲ್’. ಪುಲಿ, ಪೂ, ಪಲ್ ಎಲ್ಲ ‘ಪ’ಕಾರವೇ. ಕಾಲ ಸರಿದಂತೆ ‘ಪ’ ಹೋಗಿ ‘ಹ’ ಬಂತು. ನಮ್ಮ ಸೀಮೆಯ ಬಾಯಲ್ಲಿ ಆ ‘ಹ’ವೂ ಉದುರಿತು. ಒಂದೇ ಕೊಠಡಿಯಲ್ಲಿ ಮೂರು ಕಾಲದ ಮಾತು! ಮೊಟ್ಟೆ ಹುಡುಗ ಥಟ್ಟನೆ ಕೇಳಿದ: “ಅಂಗಾರ ನಮ್ದೇ ಲೇಟೆಸ್ಟಾ ಸಾ?”

ಇದು ಕಲಿಯದವರ ಮಾತಲ್ಲ ಅಂತಲೂ ಹೇಳಿದೆ. ಮಾದಪ್ಪನ ಕಥೆಯನ್ನು ರಾತ್ರಿಯಿಡೀ ಹಾಡುವ ಕಂಸಾಳೆಯವರದು ಈ ಸೀಮೆಯ ಬಾಯಿಮಾತೇ. ಚಾಮರಾಜನಗರ–ನಂಜನಗೂಡು ಸೀಮೆಯ ಆಡುಮಾತಲ್ಲಿ ದೇವನೂರ ಮಹಾದೇವ ಬರೆದ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಷ್ಟೇ ಏಕೆ, ಲಂಡನ್ನಿನ ಕಾಕ್ನಿ ಜನ ಕೂಡ ಹೌಸ್‌ಗೆ ‘ಔಸ್’ ಅಂತಲೇ ಅನ್ನೋದು.

ಇಷ್ಟಾದ ಮೇಲೆ ಗಂಟೆ ಎಷ್ಟಾಯ್ತು ಅಂತ ನೋಡಿ, ಬಾಯಿ ತಪ್ಪಿ, “ಇನ್ನು ಹಾಫ್ ಆನ್ ಅವರ್ ಇದೆ” ಅಂದೆ. ಅವರ್ ಸ್ಪೆಲ್ಲಿಂಗ್ ಹೇಳಿ ಅಂದರು. ಎಚ್‌ನಿಂದ ಶುರು ಮಾಡಿದೆ. ಕೊನೇ ಬೆಂಚಿನಿಂದ ಮೆಲ್ಲಗೆ ಒಂದು ದನಿ: “ಇಂಗ್ಲಿಷ್ನೋರು ಬುಟ್ರ ಸರಿ, ನಾವು ಬುಟ್ರ ತಪ್ಪಾ ಸಾ?”

ಅದೇ ಹುಡುಗಿ! ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ‘ತಪ್ಪಲ್ಲ ಕಣವ್ವ. ಮನೇಲಿ, ಊರಲ್ಲಿ ನಿನ್ನ ಮಾತು ಸರಿಯೇ. ಆದ್ರೆ ಇಂಗ್ಲಿಷ್‌ನಲ್ಲಿ ಹಿಲ್ ಅಂದ್ರೆ ಬೆಟ್ಟ, ಇಲ್ ಅಂದ್ರೆ ಕಾಯಿಲೆ. ಕೇಳೋರಿಗೆ ಬಾಳೆಹಣ್ಣಿನ ಕಥೆ ಆಗಬಾರದಲ್ಲ, ಅದಕ್ಕೆ ಕಲಿಬೇಕು’ ಅಂದೆ. ಎಲ್ಲರ ಕೈಗೂ ಒಂದೊಂದು ಕಾಗದದ ಚೂರು ಕೊಟ್ಟೆ. ಬಾಯಿ ಮುಂದೆ ಹಿಡಿದು ‘ಹಿಲ್’ ಅಂತ ಉಸಿರು ಬಿಟ್ಟರೆ ಕಾಗದ ಅಲ್ಲಾಡಬೇಕು, ‘ಇಲ್’ ಅಂದರೆ ಸುಮ್ಮನಿರಬೇಕು. ಯಾರೂ ಯಾರನ್ನೂ ನೋಡಿ ನಗಲಿಲ್ಲ. ಎಲ್ಲರ ಕಣ್ಣೂ ಅವರವರ ಕಾಗದದ ಮೇಲೆ.

ಅವಳು ಓದಿದಳು. ಹೌಸ್‌ಗೆ ಕಾಗದ ಅಲ್ಲಾಡಿತು, ಹಿಲ್‌ಗೆ ಅಲ್ಲಾಡಲಿಲ್ಲ. ಇರಲಿ ಬಿಡಿ, ದನಿ ವಾಪಸ್ ಬಂತಲ್ಲ.

ಬೆಲ್ ಹೊಡೆಯಿತು. ಬ್ಯಾಗ್ ಹೆಗಲಿಗೇರಿಸಿ, “ಐ ಆಮ್ ಕಮಿಂಗ್ ಸಾ!” ಅಂತ ಹೇಳಿ ಅವಳು ಮನೆಗೆ ಹೊರಟೇ ಹೋದಳು. ನಮ್ಮಲ್ಲಿ ಹೋಗುವಾಗ ‘ಬರ್ತೀನಿ’ ಅಂತ ತಾನೇ ಅನ್ನೋದು? ಅದನ್ನು ತಿದ್ದಲಿಲ್ಲ. “ಬಾರವ್ವ” ಅಂದೆ.