ಗುದರೋಗಗಳು: ಸಂಕೋಚ ಬೇಡ, ಪರೀಕ್ಷೆ ಬೇಕು

ಮುಂಬಯಿಯ ಪಶ್ಚಿಮ ಉಪನಗರವಾದ ಕಾಂದಿವಲಿಯಿಂದ ದಿನವೂ ಸಹಸ್ರಾರು ಜನರು ಲೋಕಲ್ ರೈಲಿನಲ್ಲಿ ದೂರದ ಕಚೇರಿ, ಅಂಗಡಿ, ಹೋಟೆಲುಗಳಿಗೆ ಕೆಲಸಕ್ಕೆ ತೆರಳುತ್ತಾರೆ. ಬೆಳಗಿನ ಗಾಡಿ ತಪ್ಪೀತೆಂದು ಮಲವಿಸರ್ಜನೆಯನ್ನು ತಡೆಹಿಡಿಯುವುದು, ದಾರಿಯಲ್ಲಿ ಶೌಚಾಲಯ ದೊರೆಯದೆಂದು ನೀರು ಕುಡಿಯದಿರುವುದು, ವಡಾಪಾವ್ ತಿಂದು ಊಟ ಮುಗಿಸುವುದು ಇಂತಹ ಜೀವನದಲ್ಲಿ ರೂಢಿಯಾಗಿಬಿಡುತ್ತದೆ. ಇದರ ಫಲವೇ ಮಲಬದ್ಧತೆ. ಮೂಲವ್ಯಾಧಿಗೂ ಗುದಸೀಳಿಗೂ ಇದು ಮುಖ್ಯ ಕಾರಣ.

ಈ ರೋಗಗಳು ಹೊಸವಲ್ಲ. ಸುಶ್ರುತ ಸಂಹಿತೆಯು ಅರ್ಶಸ್ಸು ಹಾಗೂ ಭಗಂದರಗಳನ್ನು ಎಂಟು ಮಹಾರೋಗಗಳಲ್ಲಿ ಎಣಿಸಿದೆ. ಆದರೂ ನಾಚಿಕೆಯಿಂದ ಅನೇಕರು ಇವನ್ನು ಮನೆಯವರಿಗೂ ತಿಳಿಸದೆ ಗೋಡೆಗಳ ಮೇಲಿನ ಜಾಹೀರಾತುಗಳಿಗೆ ಮರುಳಾಗುತ್ತಾರೆ.

ಗುದದಲ್ಲಿ ಕಾಣುವ ಎಲ್ಲ ತೊಂದರೆಯೂ ಮೂಲವ್ಯಾಧಿಯಲ್ಲ. ಮೂಲವ್ಯಾಧಿಯಲ್ಲಿ ರಕ್ತನಾಳಗಳ ಮೆತ್ತೆಗಳು ಊದಿಕೊಳ್ಳುತ್ತವೆ. ಸಾಮಾನ್ಯವಾಗಿ ನೋವಿಲ್ಲದೆ ಕೆಂಪು ರಕ್ತ ಬೀಳುತ್ತದೆ. ಗುದಸೀಳು ಎಂದರೆ ಚರ್ಮದ ಬಿರುಕು. ಮಲವಿಸರ್ಜನೆಯ ವೇಳೆ ಕೊಯ್ದಂತಹ ನೋವು ಇದರ ಲಕ್ಷಣ. ಭಗಂದರವು ಬಹುತೇಕ ಗುದಗ್ರಂಥಿಯ ಕೀವುಬಾವಿನಿಂದ ಉಂಟಾಗುವ ನಾಳ. ಪಕ್ಕದ ರಂಧ್ರದಿಂದ ಮರಳಿ ಮರಳಿ ಕೀವು ಸೋರುತ್ತದೆ.

ವೈದ್ಯರು ಕೈಗವಸು ಧರಿಸಿ ಬೆರಳಿನಿಂದ ಹಾಗೂ ಪ್ರಾಕ್ಟೋಸ್ಕೋಪ್ ಎಂಬ ಚಿಕ್ಕ ನಳಿಕೆಯಿಂದ ಕೆಲವೇ ನಿಮಿಷಗಳಲ್ಲಿ ಪರೀಕ್ಷಿಸುತ್ತಾರೆ. ತೀವ್ರ ನೋವಿದ್ದಲ್ಲಿ ಈ ಪರೀಕ್ಷೆಯನ್ನು ಮುಂದೂಡುವುದುಂಟು. ಮಲದಲ್ಲಿ ಬೆರೆತ ರಕ್ತ, ವಾರಗಟ್ಟಲೆ ಬದಲಾದ ಮಲಪ್ರವೃತ್ತಿ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಇವು ದೊಡ್ಡಕರುಳಿನ ಕ್ಯಾನ್ಸರಿನ ಸೂಚನೆಯೂ ಆಗಿರಬಹುದು. ಮೂಲವ್ಯಾಧಿಯೆಂದೇ ಭಾವಿಸಿ ತಿಂಗಳುಗಟ್ಟಲೆ ಮುಲಾಮು ಹಚ್ಚುತ್ತ ಕುಳಿತರೆ ಅಮೂಲ್ಯ ಕಾಲವು ವ್ಯರ್ಥವಾಗುತ್ತದೆ. ಇಂತಹವರಿಗೆ ಕೊಲೊನೊಸ್ಕೋಪಿ ಅವಶ್ಯ.

ಆರಂಭದ ಮೂಲವ್ಯಾಧಿಗೆ ನಾರಿನ ಆಹಾರವೂ ಔಷಧಿಯೂ ಹೆಚ್ಚಾಗಿ ಸಾಕಾಗುತ್ತವೆ. ಗುಣವಾಗದಿದ್ದರೆ ರಬ್ಬರ್ ಪಟ್ಟಿ ಬಿಗಿಯುವ ಸರಳ ವಿಧಾನವಿದೆ. ಬೆಳೆದ ಮೂಲವ್ಯಾಧಿಗೆ ಮಾತ್ರ ಶಸ್ತ್ರಕ್ರಿಯೆ ಬೇಕಾದೀತು. ಹೊಸ ಗುದಸೀಳು ಮಲವನ್ನು ಮೃದುವಾಗಿಸುವುದರಿಂದಲೂ, ದಿನಕ್ಕೆ ಎರಡು ಮೂರು ಬಾರಿ 10ರಿಂದ 15 ನಿಮಿಷ ಉಗುರುಬೆಚ್ಚನೆಯ ನೀರಿನಲ್ಲಿ ಕುಳಿತುಕೊಳ್ಳುವುದರಿಂದಲೂ ಬಹುಮಟ್ಟಿಗೆ ಮಾಯುತ್ತದೆ. ಭಗಂದರವು ಮುಲಾಮಿನಿಂದ ವಾಸಿಯಾಗದು. ಶಸ್ತ್ರಕ್ರಿಯೆ ಅಥವಾ ಆಯುರ್ವೇದದ ಕ್ಷಾರಸೂತ್ರ ಚಿಕಿತ್ಸೆ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಷಾರಸೂತ್ರದಿಂದ ಗಾಯ ಮಾಯಲು ಹೆಚ್ಚು ಕಾಲ ಹಿಡಿದರೂ ರೋಗ ಮರುಕಳಿಸಿದ್ದು ಕಡಿಮೆಯೆಂದು ಕಂಡುಬಂದಿತು. ಆದರೆ ಇದನ್ನು ತರಬೇತಿ ಪಡೆದ ವೈದ್ಯರಿಂದಲೇ ಮಾಡಿಸಿಕೊಳ್ಳಬೇಕು.

ತಡೆಗಟ್ಟುವ ಕ್ರಮಗಳು ಕಷ್ಟಕರವೇನಲ್ಲ. ರಾಗಿ, ಜೋಳ, ಕಾಳು, ಸೊಪ್ಪು, ಹಣ್ಣುಗಳನ್ನು ದಿನವೂ ಸೇವಿಸಬೇಕು. ಧಾರಾಳವಾಗಿ ನೀರು ಕುಡಿಯಬೇಕು. ಮಲವೇಗವನ್ನು ತಡೆಯಬಾರದು, ತಿಣುಕಬಾರದು, ಶೌಚಾಲಯದಲ್ಲಿ ಬಹಳ ಹೊತ್ತು ಕೂರಬಾರದು. ರೈಲಿಗೆ ಹೊರಡುವ ಅರ್ಧ ಗಂಟೆ ಮುಂಚೆ ಎದ್ದರೆ ಈ ಅಭ್ಯಾಸ ಸಾಧ್ಯವಾದೀತು.

ಕಾಂದಿವಲಿಯಲ್ಲಿಯೇ ಶತಾಬ್ದಿ ಎಂದು ಜನಜನಿತವಾದ ಮಹಾನಗರಪಾಲಿಕೆಯ ಆಸ್ಪತ್ರೆಯಿದೆ. ಪರೇಲಿನಲ್ಲಿ 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಯು ಕ್ಯಾನ್ಸರ್ ಚಿಕಿತ್ಸೆಗೆ ಹೆಸರಾಗಿದೆ. ರಕ್ತ ಕಂಡ ದಿನವೇ ಸಂಕೋಚ ತೊರೆದು ವೈದ್ಯರನ್ನು ಕಾಣುವುದು ವಿವೇಕ. ದೇಹದ ಈ ಭಾಗದ ರೋಗವೂ ಇತರ ರೋಗಗಳಂತೆಯೇ ಒಂದು ರೋಗ. ಅದರಲ್ಲಿ ನಾಚಿಕೆಪಡುವಂತಹದು ಏನೂ ಇಲ್ಲ.