ಚಿಂದಿ ಕಾಗದದ ಚಿತ್ರಕಲೆ

ಗೋಡೆಯ ಮೇಲೊಂದು ಉದ್ದನೆಯ ಪಟ ತೂಗುತ್ತಿದೆ. ಯಾರೋ ಕಸದ ಬುಟ್ಟಿಯನ್ನು ಅದರ ಮೇಲೆ ಬರಿದುಮಾಡಿದಂತಿದೆ. ಹುಳು ತಿಂದ ಪುಸ್ತಕದ ಹಾಳೆ, ಅಂಚು ಸುಟ್ಟು ಕರಿಕಾದ ಬರಹ, ಮುರಿದ ಬೀಸಣಿಗೆ, ಹರಿದ ಪತ್ರ, ಶಿಲಾಶಾಸನದ ಮಾಸಿದ ಪಡಿಯಚ್ಚು—ಇವೆಲ್ಲ ಒಂದರ ಮೇಲೊಂದು ಬಿದ್ದಿವೆ. ಮಡಿಚಿಕೊಂಡ ತುದಿಯೊಂದನ್ನು ನೇರಮಾಡಲು ಕೈ ತಾನಾಗಿ ಮುಂದಾಗುತ್ತದೆ. ಆದರೆ ಬೆರಳಿಗೆ ತಾಗುವುದು ನುಣುಪಾದ ಒಂದೇ ಹಾಳೆ! ಅಲ್ಲಿ ಅಂಟಿಸಿದ್ದು ಒಂದೂ ಇಲ್ಲ. ಎಲ್ಲವೂ ಕುಂಚದಿಂದ ಮೂಡಿದ್ದು.

ಚೀನಾದ ಈ ಕಣ್ಕಟ್ಟಿನ ಕಲೆಗೆ 'ಬಾಪೋ' ಎಂದು ಹೆಸರು. 'ಎಂಟು ಭಗ್ನಗಳು' ಎಂಬುದು ಅದರ ಅರ್ಥ. ಎಂಟು ಚೀನೀಯರಿಗೆ ಶುಭಸಂಖ್ಯೆ. ಚೂರುಗಳು ಎಂಟೇ ಇರಬೇಕೆಂಬ ಕಟ್ಟುಪಾಡಿಲ್ಲ. 19ನೆಯ ಶತಮಾನದ ಮಧ್ಯಭಾಗದಲ್ಲಿ ಈ ಕಲೆ ಪ್ರಚಾರಕ್ಕೆ ಬಂದಿತು. ಬೆಟ್ಟ, ಬಿದಿರು, ಹೂಗಳಲ್ಲಿ ಭಾವವನ್ನು ಅರಸುತ್ತಿದ್ದ ಪಂಡಿತವರ್ಗಕ್ಕೆ ಇದ್ದುದನ್ನು ಇದ್ದಂತೆಯೇ ತೋರಿಸುವ ಈ ಕೌಶಲ ರುಚಿಸಲಿಲ್ಲ. ಪಟ್ಟಣಗಳ ಮಧ್ಯಮವರ್ಗದವರು ಮಾತ್ರ ಇದನ್ನು ಮೆಚ್ಚಿ ಕೊಂಡರು.

ಬರೆಯಲು ಬೇರೇನೂ ಇಲ್ಲವೆಂದು ಚಿಂದಿಯನ್ನು ಬರೆದರೇ? ಹಾಗಲ್ಲ. ಅಕ್ಷರವಿರುವ ಕಾಗದವನ್ನು ತುಳಿಯಬಾರದು, ಹೊಲಸಿಗೆ ಎಸೆಯಬಾರದು ಎಂಬುದು ಆ ನಾಡಿನ ಹಳೆಯ ನಡಾವಳಿ. ಅಂಥ ಚೂರುಗಳನ್ನು ಆಯ್ದು ತಂದು, ಅದಕ್ಕೆಂದೇ ಕಟ್ಟಿದ ಒಲೆಗಳಲ್ಲಿ ಗೌರವದಿಂದ ಸುಡುತ್ತಿದ್ದರು. ಅಂಥ ನಾಡಿನಲ್ಲಿಯೇ ಗ್ರಂಥಗಳು ಬೀದಿಪಾಲಾಗುವ ಕಾಲ ಬಂದಿತು.

1850ರಿಂದ 1864ರವರೆಗೆ ನಡೆದ ತೈಪಿಂಗ್ ದಂಗೆಯಲ್ಲಿ ದೊಡ್ಡ ದೊಡ್ಡ ಗ್ರಂಥಭಂಡಾರಗಳು ನಾಶವಾದವು. ಚಿಯೆನ್‌ಲುಂಗ್ ಚಕ್ರವರ್ತಿಯು 18ನೆಯ ಶತಮಾನದಲ್ಲಿ ಸಿದ್ಧಪಡಿಸಿದ ಮಹಾಗ್ರಂಥಮಾಲೆಯ ಏಳು ಕೈಬರಹದ ಪ್ರತಿಗಳಲ್ಲಿ ಒಂದು ಹಾಂಗ್‌ಝೌ ನಗರದಲ್ಲಿತ್ತು. 1861ರಲ್ಲಿ ಆ ನಗರ ದಂಗೆಕೋರರ ಕೈಸೇರಿದಾಗ ಡಿಂಗ್ ಶೆನ್, ಡಿಂಗ್ ಬಿಂಗ್ ಎಂಬ ಸಹೋದರರು ಊರ ಹೊರಗಿನ ಪೇಟೆಯಲ್ಲಿ ಆಶ್ರಯ ಪಡೆದಿದ್ದರು. ಅಲ್ಲಿ ಸಾಮಾನು ಕಟ್ಟಿಕೊಡುತ್ತಿದ್ದ ಕಾಗದವನ್ನು ಬಿಡಿಸಿ ನೋಡಿದರೆ, ಅದು ಆ ಗ್ರಂಥಮಾಲೆಯದೇ ಹಾಳೆ! ಸಹೋದರರು ಹುಡುಕಿ ಹುಡುಕಿ ಎಂಟು ಸಾವಿರಕ್ಕೂ ಹೆಚ್ಚು ಸಂಪುಟಗಳನ್ನು ಉಳಿಸಿದರು. ಕಳೆದುಹೋದವನ್ನು ಮತ್ತೆ ಬರೆಯಿಸಿದರು.

ಮುಂದೆ 1905ರಲ್ಲಿ ಪ್ರಾಚೀನ ಗ್ರಂಥಗಳನ್ನಾಧರಿಸಿದ ರಾಜಸೇವೆಯ ಪರೀಕ್ಷೆಯೇ ರದ್ದಾಯಿತು. 1912ರಲ್ಲಿ ಸಾಮ್ರಾಜ್ಯವೂ ಅಳಿಯಿತು. ತಲೆಮಾರುಗಳು ಕಂಠಪಾಠ ಮಾಡಿದ ವಿದ್ಯೆ ಹಳೆಯ ಕಾಗದವಾಗಿ ಉಳಿಯಿತು. ಬಾಪೋ ಚಿತ್ರದ ಸುಟ್ಟ ಅಂಚಿನಲ್ಲಿ ನೋಡುವವರಿಗೆ ಈ ನೋವು ಕಾಣದಿರದು.

ಆದರೂ ಇವು ಬರಿಯ ಶೋಕಚಿತ್ರಗಳಲ್ಲ. ಚೀನೀ ಭಾಷೆಯಲ್ಲಿ 'ಚೂರು' ಮತ್ತು 'ವರ್ಷ' ಎಂಬ ಎರಡು ಮಾತುಗಳೂ 'ಸುಯ್' ಎಂದೇ ಕೇಳುತ್ತವೆ. ಆದುದರಿಂದ 'ನೂರು ಚೂರುಗಳ ಚಿತ್ರ'ವೆಂದರೆ 'ನೂರು ವರ್ಷಗಳ ಚಿತ್ರ'ವೆಂದೂ ಆಯಿತು. ಹರಕು ಹಾಳೆಗಳ ಪಟವೇ ಹಿರಿಯರಿಗೆ ದೀರ್ಘಾಯುಷ್ಯವನ್ನು ಕೋರುವ ಉಡುಗೊರೆಯಾಯಿತು.

20ನೆಯ ಶತಮಾನದ ಉತ್ತರಾರ್ಧದಲ್ಲಿ ಈ ಕಲೆ ಬಹುಮಟ್ಟಿಗೆ ಮರೆತುಹೋಯಿತು. ಅಮೆರಿಕದ ವಿದುಷಿ ನ್ಯಾನ್ಸಿ ಬರ್ಲಿನರ್ ಇದರ ಅಧ್ಯಯನಕ್ಕೆ ತೊಡಗಿ, 2017ರಲ್ಲಿ ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿ ಬಾಪೋ ಚಿತ್ರಗಳದೇ ಒಂದು ಪ್ರದರ್ಶನವನ್ನು ಏರ್ಪಡಿಸಿದರು. ಒಲೆಗೋ ಅಂಗಡಿಯ ಪೊಟ್ಟಣಕ್ಕೋ ಸೇರಬೇಕಾಗಿದ್ದ ಚೂರುಗಳ ಮುಂದೆ ಜನರು ನಿಂತು, ಅಳಿದುಳಿದ ಅಕ್ಷರಗಳನ್ನು ಕೂಡಿಸಿ ಓದುವಂತಾಯಿತು.