ಆಂಬುಲೆನ್ಸ್ ಸೇವೆಯಲ್ಲಿ ಪೀರ್ ರಿವ್ಯೂ: ಕಾನೂನಿನ ರಕ್ಷಣೆ ಎಷ್ಟಿದೆ?

ಸಿ.ಎಸ್. ಪುರ, ಗುಬ್ಬಿ, ಕುಣಿಗಲ್ ಭಾಗದ ಗಿರಣಿಯಲ್ಲಿ ಕಾರ್ಮಿಕನೊಬ್ಬನ ಕೈ ಯಂತ್ರಕ್ಕೆ ಸಿಕ್ಕಿದರೆ ಮಾಲೀಕರು ಮೊದಲು ಕರೆಯುವುದು 108ಕ್ಕೆ. ಕರ್ನಾಟಕದಲ್ಲಿ ‘ಆರೋಗ್ಯ ಕವಚ’ ಹೆಸರಿನ ಈ ಸೇವೆ 2008ರ ನವೆಂಬರ್ 1ರಂದು ಆರಂಭವಾಯಿತು. ಇದಲ್ಲದೆ ಕಾರ್ಖಾನೆಗಾಗಿ ಖಾಸಗಿ ಆಂಬುಲೆನ್ಸ್ ಗೊತ್ತುಮಾಡಿಕೊಳ್ಳುವವರೂ, ಟ್ರಸ್ಟ್ ಮೂಲಕ ಊರಿಗೆ ವಾಹನ ಕೊಡಿಸುವವರೂ ನಮ್ಮ ಸದಸ್ಯರಲ್ಲಿರಬಹುದು. ಅಂತಹವರು ತಿಳಿದಿರಬೇಕಾದ ಒಂದು ಕಾನೂನು ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಪೀರ್ ರಿವ್ಯೂ ಎಂದರೇನು?

ಒಂದೇ ವೃತ್ತಿಯವರು ತಮ್ಮವರ ಕೆಲಸವನ್ನು ಪರಿಶೀಲಿಸಿ, ಎಲ್ಲಿ ತಪ್ಪಿತು, ಮುಂದೆ ಹೇಗೆ ತಿದ್ದಬೇಕು ಎಂದು ನಿರ್ಣಯಿಸುವುದೇ ಪೀರ್ ರಿವ್ಯೂ. ಲೆಕ್ಕಪರಿಶೋಧಕರಿಗೆ ಇದು ಹೊಸದಲ್ಲ. ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಯು 2002ರಲ್ಲಿಯೇ ಪೀರ್ ರಿವ್ಯೂ ಮಂಡಳಿಯನ್ನು ಸ್ಥಾಪಿಸಿತು. ಪರಿಶೀಲಕನು ತಾನು ಕಂಡದ್ದನ್ನು ಗೋಪ್ಯವಾಗಿಡಲು ಬದ್ಧನಾಗಿರುತ್ತಾನೆ. ಈ ಭರವಸೆಯಿಲ್ಲದಿದ್ದರೆ ಯಾವ ಕಚೇರಿಯೂ ತನ್ನ ಕಡತಗಳನ್ನು ಮನಬಿಚ್ಚಿ ತೋರಿಸಲಾರದು.

ಆಂಬುಲೆನ್ಸ್ ಸಿಬ್ಬಂದಿಯ ಸ್ಥಿತಿಯೂ ಹೀಗೆಯೇ. ‘ಆಮ್ಲಜನಕದ ಸಿಲಿಂಡರನ್ನು ಹೊರಡುವ ಮೊದಲು ನೋಡಲಿಲ್ಲ’ ಎಂದು ಒಪ್ಪಿಕೊಂಡ ಮಾತು ನಾಳೆ ತನ್ನ ವಿರುದ್ಧವೇ ಸಾಕ್ಷ್ಯವಾಗುವುದಾದರೆ, ನೌಕರನು ಬಾಯಿ ಬಿಡುವುದಿಲ್ಲ. ದೋಷವು ಹಾಗೆಯೇ ಉಳಿದು ಮುಂದಿನ ರೋಗಿಯನ್ನು ಕಾಡುತ್ತದೆ.

ನಮ್ಮ ಕಾನೂನಿನ ನಿಲುವು

ಅಮೆರಿಕದಲ್ಲಿ 2005ರ ರೋಗಿ ಸುರಕ್ಷತಾ ಕಾಯ್ದೆಯು ಇಂತಹ ಪರಿಶೀಲನಾ ದಾಖಲೆಗಳಿಗೆ ವಿಶೇಷ ರಕ್ಷಣೆ ನೀಡಿದೆ. ಆದರೆ ರೋಗಿಯ ಮೂಲ ಚಿಕಿತ್ಸಾ ದಾಖಲೆಗೆ ಆ ರಕ್ಷಣೆಯಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರಲ್ಲಿ ವಕೀಲ ಮತ್ತು ಕಕ್ಷಿದಾರರ ನಡುವಣ ವ್ಯವಹಾರಕ್ಕೆ ರಕ್ಷಣೆಯುಂಟು. ವೈದ್ಯಕೀಯ ಪೀರ್ ರಿವ್ಯೂಗೆ ಅಂತಹ ಪ್ರತ್ಯೇಕ ಕಲಮು ಇಲ್ಲ. ತಾಯಂದಿರ ಮರಣ ಪರಿಶೀಲನೆಗೆ ಕೇಂದ್ರ ಸರ್ಕಾರವು 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯು ದೂಷಣೆಯಿಲ್ಲದ ವಿಚಾರಣೆಯನ್ನು ಹೇಳುತ್ತದೆಯಾದರೂ, ಅದು ಮಾರ್ಗಸೂಚಿಯೇ ಹೊರತು ಶಾಸನವಲ್ಲ.

ಇರುವ ರಕ್ಷಣೆಗಳು ಬೇರೆ ಬಗೆಯವು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಮು, ಅಪಘಾತದಲ್ಲಿ ಪ್ರತಿಫಲಾಪೇಕ್ಷೆಯಿಲ್ಲದೆ ನೆರವಾದವರನ್ನು ರಕ್ಷಿಸುತ್ತದೆ. ಸಂಬಳ ಪಡೆದು ಕೆಲಸ ಮಾಡುವ ಆಂಬುಲೆನ್ಸ್ ತಂತ್ರಜ್ಞನು ಇದನ್ನು ನೆಚ್ಚಿಕೊಳ್ಳುವಂತಿಲ್ಲ. ವೈದ್ಯರ ಮೇಲೆ ನಿರ್ಲಕ್ಷ್ಯದ ಕ್ರಿಮಿನಲ್ ಕ್ರಮ ಜರುಗಿಸುವ ಮುನ್ನ ಮತ್ತೊಬ್ಬ ವೈದ್ಯರ ಸ್ವತಂತ್ರ ಅಭಿಪ್ರಾಯ ಪಡೆಯಬೇಕೆಂದು ಸುಪ್ರೀಂ ಕೋರ್ಟು 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಮಿನ ಪ್ರಕಾರ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಐದು ವರ್ಷದವರೆಗೆ ಶಿಕ್ಷೆ; ಚಿಕಿತ್ಸೆಯ ವೇಳೆ ನೋಂದಾಯಿತ ವೈದ್ಯರಿಂದಾದರೆ ಎರಡು ವರ್ಷದವರೆಗೆ. ತಂತ್ರಜ್ಞನು ವೈದ್ಯಕೀಯ ರಿಜಿಸ್ಟರಿನಲ್ಲಿರುವ ವೈದ್ಯನಲ್ಲವಾದ್ದರಿಂದ ಈ ರಿಯಾಯಿತಿ ಅವನಿಗಿಲ್ಲ. ಅವನು ಮಾತನಾಡಲು ಹೆಚ್ಚು ಅಂಜುವುದು ಸಹಜ.

ಶಿಸ್ತು ಬೇರೆ, ಪರಿಶೀಲನೆ ಬೇರೆ

2022ರ ನವೆಂಬರಿನಲ್ಲಿ ತುಮಕೂರು ಜಿಲ್ಲಾ ಆಸ್ಪತ್ರೆಗೆ ಬಂದ ಗರ್ಭಿಣಿಯೊಬ್ಬರನ್ನು ತಾಯಿ ಕಾರ್ಡ್ ಇಲ್ಲವೆಂದು ದಾಖಲಿಸಿಕೊಳ್ಳದೆ ಕಳುಹಿಸಿದ ಆರೋಪ ಬಂತು. ಆಕೆಯೂ ಅವಳಿ ಶಿಶುಗಳೂ ಮನೆಯಲ್ಲಿ ಅಸುನೀಗಿದರು. ಸಿಬ್ಬಂದಿ ಅಮಾನತುಗೊಂಡರು. ಶಿಸ್ತು ಕ್ರಮವು ಯಾರು ಹೊಣೆ ಎಂಬುದಕ್ಕೆ ಉತ್ತರ. ಯಾವ ಪದ್ಧತಿಯಿಂದ ಹೀಗಾಯಿತು, ಮತ್ತೆ ಆಗದಂತೆ ಏನನ್ನು ಬದಲಿಸಬೇಕು ಎಂಬುದು ಪ್ರತ್ಯೇಕ ವಿಚಾರಣೆ. ಎರಡನ್ನೂ ಒಂದೇ ಮೇಜಿನ ಮೇಲೆ ನಡೆಸಿದರೆ ಎರಡನೆಯದು ನಡೆಯುವುದಿಲ್ಲ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಆಂಬುಲೆನ್ಸ್ ಒಪ್ಪಂದದಲ್ಲಿ ಅಥವಾ ಟ್ರಸ್ಟಿನ ಠರಾವಿನಲ್ಲಿ ಪರಿಶೀಲನಾ ಸಮಿತಿಯ ಉದ್ದೇಶ, ಸದಸ್ಯರು ಮತ್ತು ಗೋಪ್ಯತೆಯ ನಿಯಮಗಳನ್ನು ಬರೆದಿಡಿ.

2. ಕರೆ ಬಂದ ಸಮಯ, ಪ್ರಯಾಣದ ಹಾಳೆ, ಚಿಕಿತ್ಸಾ ವಿವರ ಇವು ಒಂದು ಕಡತ. ಸಮಿತಿಯ ಅಭಿಪ್ರಾಯ ಇನ್ನೊಂದು. ಮೊದಲನೆಯದನ್ನು ತಿದ್ದಬಾರದು, ಬಚ್ಚಿಡಲೂ ಬಾರದು. ಎರಡನೆಯದರಲ್ಲಿ ಹೆಸರುಗಳ ಅಗತ್ಯವಿಲ್ಲ.

3. ಮದ್ಯಪಾನ, ಸೇವೆಯ ನಿರಾಕರಣೆ, ದಾಖಲೆ ತಿದ್ದುವಿಕೆ ಇವು ನೇರವಾಗಿ ಶಿಸ್ತು ಕ್ರಮಕ್ಕೆ ಹೋಗತಕ್ಕವು.

4. ವಿಮಾ ಪಾಲಿಸಿಯಲ್ಲಿ ತಂತ್ರಜ್ಞರೂ ಚಾಲಕರೂ ಒಳಗೊಂಡಿರುವರೇ ನೋಡಿ. ವಿಮಾ ಕಂಪನಿಯ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳಬಾರದೆಂಬ ಷರತ್ತು ಇಂತಹ ಪಾಲಿಸಿಗಳಲ್ಲಿ ಸಾಮಾನ್ಯ.

5. ನ್ಯಾಯಾಲಯವು ಕೇಳಿದರೆ ಖಾಸಗಿ ಒಪ್ಪಂದದ ಗೋಪ್ಯತೆ ಅಡ್ಡಬರಲಾರದು. ಸಮನ್ಸು ಬಂದೊಡನೆ ವಕೀಲರನ್ನು ಕಾಣಿ, ಕಡತವನ್ನು ನಾಶಪಡಿಸಬೇಡಿ.

ರೋಗಿಯ ಮನೆಯವರಿಗೆ ನಡೆದ ಸಂಗತಿ ತಿಳಿಯುವ ಹಕ್ಕಿದೆ. ಅದನ್ನು ಮುಚ್ಚುವುದಕ್ಕೆ ಪೀರ್ ರಿವ್ಯೂ ಪರದೆಯಾಗಬಾರದು. ಸಂಗತಿ ಬಯಲಿಗಿರಲಿ, ತಿದ್ದಿಕೊಳ್ಳುವ ಚರ್ಚೆಗೆ ಮಾತ್ರ ರಕ್ಷಣೆಯಿರಲಿ ಎಂಬ ಮಿತಿಯೊಳಗೆ ರಾಜ್ಯವು ಶಾಸನ ಮಾಡುವುದು ಉಚಿತ. ಇಂತಹ ಶಾಸನಕ್ಕಾಗಿ ವಾಣಿಜ್ಯ ಸಂಸ್ಥೆಗಳೂ ಸರ್ಕಾರಕ್ಕೆ ಮನವಿ ಸಲ್ಲಿಸಬಹುದಾಗಿದೆ.